ಮೊದಲು ನನಗೆ ಹೇಳಬಾರದಿತ್ತೇ

ಮನೆ, ಹೊಲಿಗೆ ಯಂತ್ರದ ಪಕ್ಕ
ಮಾರ್ಚ್ ೧೪, ಭಾನುವಾರ

ಪ್ರೀತಿಯ ಚಿನಕುರುಳಿಗೆ,

ಹೇಗಿದ್ದೀಯೆ ತಾಯಿ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ? ಒದ್ದೆ ತಲೆಯಲ್ಲಿ ಹಡಗಿನ ಗಾಳಿಗೆ ನಿಲ್ಲಬೇಡ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಮ್ಮಪ್ಪನ ಮಂಡಿನೋವು ಬಸ್ಸಿನ ಸ್ಟೀರಿಂಗ್ ಬಿಟ್ಟು ಇಳಿದ ಕೂಡಲೇ ಶುರುವಾಗುತ್ತದೆ, ಊಟಕ್ಕೆ ಕರೆದ ಕೂಡಲೇ ಮಾಯವಾಗುತ್ತದೆ. ನೀನಿರುವಲ್ಲಿ ಫೋನು ಸಿಗದ ಕಾರಣ ಈ ಪತ್ರವನ್ನು ನಿಮಗೆ ಪಾಠ ಮಾಡುವ ಮೇಡಂ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಅವರೂ ನಿಮ್ಮ ಹಡಗು ಸೇರುತ್ತಾರಂತೆ.

ನಿನ್ನೆ ನಿಮ್ಮ ಕಾಲೇಜಿನಲ್ಲಿ ವಿದ್ಯಾರ್ಥಿವೇತನ ಕೊಡುವ ದಾನಿಗಳನ್ನೂ ಅದರಲ್ಲಿ ಓದುವ ಮಕ್ಕಳ ಮನೆಯವರನ್ನೂ ಸೇರಿಸಿ ಸಭೆ ಮಾಡಿದ್ದರು. ದಾನಿಗಳಿಗೆ ಮುಂದೆ ಮೆತ್ತನೆಯ ಕುರ್ಚಿ, ನಮಗೆ ಹಿಂದೆ ಪ್ಲಾಸ್ಟಿಕ್ಕಿನದು. ಇರಲಿ ಬಿಡು. ದೀಪ ಆರಿಸಿ ನಿಮ್ಮೆಲ್ಲರ ವಿಡಿಯೋ ಹಾಕಿದರು. ನೀರಿಗಿಳಿಯುವ ಆ ಕಪ್ಪು ಉಡುಪಿನಲ್ಲಿ, ಕೈಯಲ್ಲಿ ಸತ್ತ ಹವಳದ ತುಂಡು ಹಿಡಿದು, ಪರದೆಯ ತುಂಬ ನೀನೇ! ನನಗೆ ಕಣ್ಣು ತುಂಬಿ ಬಂತು. ಅಷ್ಟರಲ್ಲಿ ನೀನು ಏನಂದೆ? "ನನಗೆ ಸಮುದ್ರ ತೋರಿಸಿದವರು ಕನ್ನಡಕದಮ್ಮ. ಅವರು ನನಗೆ ಇನ್ನೊಬ್ಬ ಅಮ್ಮ." ಕನ್ನಡಕದ ಅಂಗಡಿಗಳನ್ನು ಮಾರಿ, ಕಡಲ ವಿಜ್ಞಾನ ಓದುವ ಮಕ್ಕಳಿಗೆಂದು ನಿಧಿ ಇಟ್ಟವರು ಅವರು, ದೊಡ್ಡ ಮನಸ್ಸು, ಒಪ್ಪುತ್ತೇನೆ. ಆದರೂ ಇನ್ನೊಬ್ಬ ಅಮ್ಮ! ಮೊದಲ ಸಲ ಅಲೆ ಕಂಡು ಕಿರುಚಿ ನೀನು ಹತ್ತಿ ಕೂತದ್ದು ಯಾರ ಸೊಂಟ? ಬಕೆಟ್ಟಿನಲ್ಲಿ ಮುಖ ಮುಳುಗಿಸಿ ಉಸಿರು ಹಿಡಿಯುವಾಗ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡಿದು ಕೂತವಳು ಯಾರು? ಸಭೆಯೆಲ್ಲ ಚಪ್ಪಾಳೆ. ನಿಮ್ಮಪ್ಪನೂ ತಟ್ಟಿದರು. ಮೊಣಕೈಯಲ್ಲಿ ತಿವಿದ ಮೇಲೆ ನಿಲ್ಲಿಸಿದರು.

ಚಹಾದ ಹೊತ್ತಿಗೆ ಆ ಕನ್ನಡಕದಮ್ಮನೇ ನಮ್ಮನ್ನು ಹುಡುಕಿಕೊಂಡು ಬಂದರು. ಕೋಟಿನ ಒಂದು ಗುಂಡಿ ಸಡಿಲವಾಗಿ ಜೋತಾಡುತ್ತಿತ್ತು. ಸುಳ್ಳೇಕೆ ಹೇಳಲಿ, ನೋಡಿ ನನಗೆ ಒಳಗೊಳಗೇ ಖುಷಿಯಾಯಿತು. ಅವರ ಮೊದಲ ಮಾತೇ, "ವಾಂತಿ ನಿಂತಿದೆಯಂತಲ್ಲ, ನನಗೂ ಸಮಾಧಾನ ಆಯ್ತು." ಯಾವ ವಾಂತಿ? ಗೊತ್ತಿದ್ದವಳ ಹಾಗೆ "ಹೌದೌದು" ಅಂದೆ. ನನಗೆ ಬರೆದ ಪತ್ರಗಳಲ್ಲಿ ಬರೀ ಸೂರ್ಯಾಸ್ತ, ಡಾಲ್ಫಿನ್ನು! ತಡೆಯಲಾಗದೆ ಕೇಳಿಯೇಬಿಟ್ಟೆ: "ಹೆತ್ತವರಿಗೆ ಹೇಳದ್ದನ್ನ ನಿಮಗೆ ಹೇಳ್ತಾಳಲ್ಲ, ಏನು ಮೋಡಿ ಮಾಡಿದ್ದೀರಿ?" ನಿಮ್ಮಪ್ಪ ಚಹಾ ಚೆಲ್ಲಿಕೊಂಡರು. ಆಕೆ ಸಿಟ್ಟಾಗಲಿಲ್ಲ. "ನನಗೆ ಹೇಳಿದ್ರೆ ನಾನು ನಿದ್ದೆಗೆಡಲ್ಲ ಅಂತ ಅವಳಿಗೆ ಗೊತ್ತಮ್ಮ" ಅಂದರು. ಜೋತಾಡುವ ಗುಂಡಿ ತಿರುವುತ್ತ, "ನನಗೆ ಬರೆಯೋದು ವಿದ್ಯಾರ್ಥಿವೇತನದ ನಿಯಮ. ನಿಮಗೆ ಬರೀಬೇಕು ಅಂತ ಯಾವ ನಿಯಮ ಇದೆ ಹೇಳಿ?" ಅಂದರು. ಅವರ ದನಿಯಲ್ಲೂ ನನ್ನಂಥದೇ ಉರಿ ಇತ್ತು. ಪಾಪ ಅನ್ನಿಸಿತು. ಹಾಗಂತ ನನ್ನ ಉರಿಯೇನೂ ಆರಲಿಲ್ಲ.

ಆಮೇಲೆ ಇನ್ನೊಂದು ಮಾತು ಕೇಳಿದರು. ಅದನ್ನು ಬರೆಯಲು ಈಗ ಮನಸ್ಸಿಲ್ಲ. "ಅವಳ ಅಪ್ಪನ್ನ ಕೇಳಿ ಹೇಳ್ತೀನಿ" ಅಂದು ಹೊರಟುಬಂದೆ. ನಿಮ್ಮಪ್ಪ ಪಕ್ಕದಲ್ಲೇ ನಿಂತು ಬಿಸ್ಕತ್ತು ತಿನ್ನುತ್ತಿದ್ದರು.

ದೃಷ್ಟಿ ತಾಗದಿರಲಿ ನನ್ನ ಕಂದನಿಗೆ. ನೀನು ಹೋದಲ್ಲೆಲ್ಲ ನೀರು ನಿನಗೆ ದಾರಿ ಕೊಡಲಿ. ನಿಮ್ಮಪ್ಪ ಇಲ್ಲಿಂದಲೇ ನಿನ್ನ ಕೆನ್ನೆ ಹಿಂಡಿದ್ದಾರೆ.

ಇಂತಿ ನಿನ್ನ
ಒಬ್ಬಳೇ ಅಮ್ಮ

ಮರೆತ ಮಾತು: ಮೇಡಂ ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಈ ಓದು ಮುಗಿದ ಮೇಲೆ ಹವಳದ ಬಗ್ಗೆಯೇ ಡಾಕ್ಟರೇಟ್ ಮಾಡಲು ನಿನ್ನನ್ನು ಹೊರದೇಶಕ್ಕೆ ಕಳಿಸಬೇಕೆಂದು ಕನ್ನಡಕದಮ್ಮನಿಗೆ ಆಸೆ, ನಿನ್ನೆ ಕೇಳಿದ ಮಾತು ಅದೇ. ಖರ್ಚೆಲ್ಲ ಅವರ ನಿಧಿಯದು. ನಾಲ್ಕು ವರ್ಷ. ನಮ್ಮನ್ನು ಕೇಳದೆ ನಿನ್ನಲ್ಲಿ ಆಸೆ ಹುಟ್ಟಿಸಬಾರದೆಂದು ಸುಮ್ಮನಿದ್ದರಂತೆ. ರಾತ್ರಿಯೆಲ್ಲ ಹೊರಳಾಡಿ, ಈಗಷ್ಟೇ ಫೋನು ಮಾಡಿ "ಕಳಿಸ್ತೀವಿ" ಅಂದೆ. ಆ ಕಡೆಯಿಂದ ಮೂಗು ಸೀಟಿದ ಸದ್ದು. ಹಡಗಿನ ಇಮೇಲಿಗೆ ನಿನಗೆ ಇವತ್ತೇ ಸಂದೇಶ ಕಳಿಸುತ್ತೇನೆ ಅಂದರು. ಬೇಡ, ನನ್ನ ಪತ್ರ ತಲುಪುವ ತನಕ ಬಾಯಿ ಬಿಡಬೇಡಿ ಅಂತ ಆಣೆ ಹಾಕಿಸಿಕೊಂಡಿದ್ದೇನೆ. ನೆನಪಿಟ್ಟುಕೋ ಮಗಳೇ, ಇದನ್ನು ನಿನಗೆ ಮೊದಲು ಹೇಳಿದವಳು ನಾನು.