ಸೀನು ಬರಿಸಿದ ನೋಟು

ಹಲಗೇರಿ
೧೨-೭-೨೦೨೫

ಬ್ಯಾಡಗಿ ಊರಾಗಿರೋ ನನ್ನ ಮಗಳು ಸುರೇಖಾಗ ಅವ್ವನ ಆಶೀರ್ವಾದ.

ನಿನ್ನ ಖಾರಪುಡಿ ಗಿರಣಿ ಹೆಂಗ ನಡದೈತಿ? ನಿಮ್ಮ ಅಪ್ಪಾರು ನಿನ್ನೆ ರಾಣೆಬೆನ್ನೂರ ದವಾಖಾನಿಯಿಂದ ಮನಿಗೆ ಬಂದ್ರು. ಎದಿಗೆ ಸ್ಟೆಂಟ್ ಹಾಕ್ಯಾರ. ಅರ್ಧ ರೊಟ್ಟಿ ತಿಂತಾರ, ಪೂರ್ತಿ ಬೈತಾರ. ಫೋನ್ ಮಾಡಿದ್ರ ನಿಮ್ಮಣ್ಣ ಚನ್ನೇಶ ಸ್ಪೀಕರ್ ಹಚ್ಚತಾನ, ಅದಕ್ಕ ಬರದು ನಿಮ್ಮೂರಿಗೆ ಬರೋ ಶಾಬುದ್ದೀನನ ಟೆಂಪೋದಾಗ ಕಳಸಾಕತ್ತೇನಿ.

ಬಿಲ್ಲಿನ ಸಲುವಾಗಿ ನಿಮ್ಮಣ್ಣಗೋಳು ಜಗಳಾಡಿದ್ದು ಏನ್ ಹೇಳ್ಲಿ! ಅರವತ್ತು ಸಾವಿರ ಬಾಕಿ. ಹೊಲಾ ಉಣ್ಣಾವ ಚನ್ನೇಶ, ಅವನೇ ಕೊಡ್ಲಿ ಅಂತ ಕಲ್ಲೇಶ. ಕುಮಾರಪಟ್ಟಣದ ಫ್ಯಾಕ್ಟರ್ಯಾಗ ಪಗಾರ ತಗೊಳ್ಳಾವ ಕಲ್ಲೇಶ, ಅವನೇ ಕೊಡ್ಲಿ ಅಂತ ಚನ್ನೇಶ. ಕಡೀಕ ಇಬ್ಬರೂ ಒಂದಾಗಿ, ಸರಕಾರ ಕೊಡಬೇಕು ಅಂದ್ರು. ಅಷ್ಟೊತ್ತಿಗೆ ಯಾರೋ ಬಿಲ್ಲು ಕಟ್ಟಿ ಹೋಗಿದ್ರು!

ಯಾರವಾ ಅವರು? ನನಗ ಅದೇ ಧ್ಯಾಸ. ಕೌಂಟರಿನ ಹುಡುಗಿನ್ನ ಕೇಳಿದೆ. ಮುಖಕ್ಕ ವಸ್ತ್ರಾ ಸುತಗೊಂಡಾವ ಒಬ್ಬ ಬಂದಿದ್ನಂತ, ಹೆಸರು ಹೇಳಲಿಲ್ಲಂತ. ಆದ್ರ ನೋಟು ಎಣಿಸೂದ್ರಾಗ ತನಗ ಹನ್ನೊಂದು ಸೀನು ಬಂದ್ವು ಅಂದ್ಲು. ಮಗ್ಗಲದಾಕಿಗೂ ಬಂದ್ವಂತ. ನೆಗಡಿ ಇಲ್ಲ, ಏನಿಲ್ಲ! ಹೆಚ್ಚಿಗಿ ಬಂದಿದ್ದ ಐನೂರರ ಒಂದು ನೋಟು ರಸೀದಿ ಕೂಡ ನನ್ನ ಕೈಗೆ ಕೊಟ್ಲು. ನಿನಗೇನರ ಹೊಳೀತೈತೇನು?

ಕಟ್ಟಿದಾವರ ಹೆಸರು ತಿಳಿಯೂತನಕ ಗುಳಿಗಿ ಮುಟ್ಟಂಗಿಲ್ಲ ಅಂತ ನಿಮ್ಮ ಅಪ್ಪಾರು ಹಟಾ ಹಿಡದಾರ. ನನ್ನ ಜೀವಾ ಬಾಯಿಗೆ ಬಂದೈತಿ. ಅವರ ಬುದ್ಧಿ ನಿನಗ ಗೊತ್ತೈತಿ: ಕೊಟ್ಟ ಹೆಣ್ಣಿನ ರೊಕ್ಕ ಮುಟ್ಟಬಾರದು, ಕೊಟ್ಟ ಹೆಣ್ಣಿಗೆ ಹೊಲದಾಗ ಪಾಲೂ ಇಲ್ಲ. ಪಾಲು ಬಿಟ್ಟೇನಿ ಅಂತ ಸಹಿ ಮಾಡಾಕ ನಿಮ್ಮಣ್ಣಗೋಳು ನಿನಗ ಕಳಿಸಿದ ಕಾಗದಕ್ಕೂ ಹೂಂ ಅಂದಾವರು ಅವರೇ. ನಾನೂ ಬಾಯಿ ಮುಚಗೊಂಡು ಕುಂತೆ, ನಂದೂ ತಪ್ಪೈತಿ.

ಪಂಚಮಿಗೆ ತಪ್ಪದ ಬಾ. ಉಂಡಿ ಕಟ್ಟಿಡ್ತೇನಿ.

ನಿನ್ನ ಹಾದಿ ನೋಡೋ
ಅವ್ವ ಜಯವ್ವ

ತಾ.ಕ.: ಖಾರದ ಡಬ್ಬ್ಯಾಗ ರೊಕ್ಕಾ ಇಟ್ರ ಗಂಡಸರ ಕೈ ಹೋಗಂಗಿಲ್ಲ ಅಂತ ನಿನಗ ಕಲಿಸಿದಾಕಿ ನಾನೇ. ಆ ವಸ್ತ್ರದಾವನ ಕೈಯಾಗ ನೋಟು ಝಾಡಿಸಿ ಕೊಡೂದು ಕಲಿಸಲಿಲ್ಲ ನೋಡು! ಈಗ ಆ ಐನೂರರ ನೋಟು ನಿಮ್ಮ ಅಪ್ಪಾರ ಕೈಗೆ ಸಿಕ್ತು. ಮೂರು ಸಲ ಸೀನಿದ್ರು, ನನ್ನ ಮುಖಾ ನೋಡಿದ್ರು. ನಾ ಸುಳ್ಳು ಹೇಳಲಿಲ್ಲ, ನಿಂದೇ ರೊಕ್ಕ ಅಂದೆ. ತಾವೇ ನೀರು ತಗೊಂಡು ಗುಳಿಗಿ ನುಂಗಿದ್ರು. ಆಮ್ಯಾಲೆ ನಿಮ್ಮಣ್ಣಗೋಳು ಇಬ್ಬರನ್ನೂ ಕರದು, ಹೊಲಾ ಇನ್ನ ಮೂರು ಪಾಲು ಅಂದ್ರು. ಆ ಕಾಗದಕ್ಕ ಸಹಿ ಮಾಡಿದ್ರೂ ಹರದು ಒಲಿಗೆ ಹಾಕು.