ಠಾಣೆಯಲ್ಲಿ ಕೂತಿರುವ ಮೂರು ಬೇಸ್‌ಬಾಲ್ ಬ್ಯಾಟುಗಳು

ಮಾನ್ಯ ಠಾಣಾಧಿಕಾರಿಗಳೇ,

ನಿಮ್ಮ ಠಾಣೆಯ ಮೂಲೆಯಲ್ಲಿ ತಲವಾರು, ಕಬ್ಬಿಣದ ಸರಳುಗಳ ಜೊತೆ ನನ್ನ ಮೂರು ಬೇಸ್‌ಬಾಲ್ ಬ್ಯಾಟುಗಳೂ ಸೆರೆಯಲ್ಲಿವೆ. ಅವನ್ನು ಬಿಡಿಸಿಕೊಳ್ಳಲು ಅಲೆದು ಅಲೆದು ನನ್ನ ಚಪ್ಪಲಿ ಸವೆಯಿತು. ಎದುರು ನಿಂತು ಹೇಳಿದ್ದು ನಿಮ್ಮ ಕಿವಿಗೆ ಬೀಳಲಿಲ್ಲವಾದ್ದರಿಂದ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ಗಲಾಟೆಯಾಗಿ ನಿಷೇಧಾಜ್ಞೆ ಬಿದ್ದ ವಾರವದು. ನಾನೂ ನನ್ನ ಶಿಷ್ಯೆ ವಿಸ್ಮಿತಾಳೂ ಅಭ್ಯಾಸ ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದೆವು. ನಿಮ್ಮ ಸಿಬ್ಬಂದಿಯೊಬ್ಬರು ಬಸ್ಸು ತಡೆದು ಚೀಲ ಬಿಚ್ಚಿಸಿದರು.

"ಇದು ಎಂತದು ಮೇಡಂ?"

"ಬ್ಯಾಟು ಮಾರಾಯ್ರೆ, ಆಡ್ಲಿಕ್ಕೆ."

"ಸರ್ವೀಸಿಗೆ ಸೇರಿದ ಮೇಲೆ ಇಂಥದ್ದು ತುಂಬ ಹಿಡಿದಿದ್ದೇನೆ. ಇದ್ರಲ್ಲಿ ಆಡುವವ್ರನ್ನು ಮಾತ್ರ ಒಬ್ರನ್ನೂ ನೋಡ್ಲಿಲ್ಲ."

ಅವರ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಸತ್ಯವನ್ನೇ ಹೇಳಿದರು. ಪೇಟೆಯ ಅಂಗಡಿಯಲ್ಲಿ ಚೆಂಡು ಕೇಳಿದರೆ, "ಬಾಲ್ ಇಲ್ಲ ಟೀಚರ್, ನಮ್ಮಲ್ಲಿ ಬ್ಯಾಟು ಮಾತ್ರ ಹೋಗುದು" ಎನ್ನುತ್ತಾರೆ. ಚೆಂಡಿಲ್ಲದೆ ಬ್ಯಾಟು ಕೊಳ್ಳುವ ಆ ಮಹಾನ್ ಕ್ರೀಡಾಪಟುಗಳು ಯಾರು ಸ್ವಾಮಿ? ಅವರ ಪಂದ್ಯಗಳು ಎಲ್ಲಿ ನಡೆಯುತ್ತವೆಂದು ತಮಗೆ ತಿಳಿಯದ್ದೇ? ಅವರು ಬೈಕಿನಲ್ಲಿ ರಾಜಾರೋಷವಾಗಿ ತಿರುಗುವಾಗ, ಟಿಕೆಟು ಪಡೆದು ಬಸ್ಸಿನಲ್ಲಿ ಕೂತ ಅರುವತ್ತರ ಹೆಂಗಸೇ ನಿಮಗೆ ಸಿಕ್ಕಿದಳೇ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನಾನು ಈ ಆಟ ಕಲಿತದ್ದು ಮೂಡುಬಿದಿರೆಯಲ್ಲಿ, ಕಾಲೇಜಿನ ದಿನಗಳಲ್ಲಿ. ರಾಜ್ಯ ತಂಡಕ್ಕೂ ಆಡಿದೆ. ದೈಹಿಕ ಶಿಕ್ಷಕಿಯಾದ ಮೇಲೆ ವೇಣೂರಿನ ಕೊಯ್ಲಾದ ಗದ್ದೆಗಳಲ್ಲಿ ಗೋಣಿಚೀಲ ಮಡಚಿ, ಓಡಿ ಮುಟ್ಟುವ ಬೇಸ್ ಮಾಡಿ ಹುಡುಗಿಯರಿಗೆ ಕಲಿಸಿದೆ. ಕ್ರಿಕೆಟಿನವರು ಬಂದಾಗೆಲ್ಲ ಜಾಗ ಬಿಟ್ಟುಕೊಟ್ಟೆ. ಚೆಂಡು ತಾಗಿ ಸೊಟ್ಟಗಾದ ಕಿರುಬೆರಳು ಇನ್ನೂ ಸರಿಯಾಗಿಲ್ಲ. ನಿವೃತ್ತಿಯಾದರೂ ಬಿಡಲಿಲ್ಲ. ಜೀವಮಾನವಿಡೀ "ಇದು ಎಂತ ಆಟ?" ಎಂದವರಿಗೆ ವಿವರಿಸಿ ಬಾಯಿ ಒಣಗಿತ್ತು, ಈಗ ಇದು ಆಟವೇ ಎಂದು ಸಾಬೀತುಪಡಿಸಬೇಕಂತೆ. ಸಾಕಾಗಿದೆ, ಸ್ವಾಮಿ.

ಬರೀ ಬ್ಯಾಟು ಹೋಗಿದ್ದರೆ ಯಾರಲ್ಲಾದರೂ ಕೇಳಿ ತರುತ್ತಿದ್ದೆ. ಆದರೆ ಅಂದು ವಿಸ್ಮಿತಾಳ ಹೆಸರು ಬರೆದುಕೊಂಡು ಅವಳ ಅಪ್ಪ, ರಿಕ್ಷಾ ಓಡಿಸುವ ಗುರುವಪ್ಪನವರಿಗೆ ಠಾಣೆಯಿಂದ ಫೋನು ಮಾಡಿದಿರಲ್ಲ? ಮರುದಿನ ನಾನು ಅವರ ಮನೆಗೆ ಹೋದೆ. ಚಾ ಕೊಟ್ಟರು, ಮರ್ಯಾದೆಯಿಂದಲೇ ಮಾತಾಡಿದರು.

"ಟೀಚರ್, ನೀವು ಎಂತ ಬೇಕಾದ್ರೂ ಹೇಳಿ. ಸ್ಟೇಷನ್ನಿಂದ ಫೋನ್ ಬರುವ ಆಟ ನಮ್ಮ ಹುಡುಗಿಗೆ ಬೇಡ."

ರಾಜ್ಯ ತಂಡದ ಆಯ್ಕೆ ಬರುವ ಭಾನುವಾರ. ಇಷ್ಟು ವರ್ಷಗಳಲ್ಲಿ ಅವಳಷ್ಟು ಚೆನ್ನಾಗಿ ಹೊಡೆಯುವವಳು ನನಗೆ ಸಿಕ್ಕಿರಲಿಲ್ಲ. ನಾನು ಹೊರಟಾಗ ಅವಳು ಗೇಟಿನ ತನಕ ಬಂದು, "ನಾವು ಹೋಗುವ ಅಲ್ವಾ ಟೀಚರ್?" ಎಂದು ಕೇಳಿದಳು. ಏನು ಹೇಳಬೇಕಿತ್ತು, ನೀವೇ ಹೇಳಿ.

ನಿಷೇಧಾಜ್ಞೆ ಮುಗಿದು ಎಷ್ಟೋ ದಿನವಾಯಿತು. ಭಾನುವಾರದೊಳಗೆ ಬ್ಯಾಟುಗಳನ್ನು ಬಿಡುಗಡೆ ಮಾಡಿ. ಆದರೆ ನನ್ನನ್ನು ಕರೆಸಿ ಕೊಡಬೇಡಿ. ನಿಮ್ಮ ಫೋನು ಬಂದಾಗ ಗುರುವಪ್ಪನವರು ರಿಕ್ಷಾಗಳು ಬಾಡಿಗೆಗೆ ಕಾಯುವ ಪಾರ್ಕಿನಲ್ಲಿದ್ದರು, ಜೊತೆಯವರೆಲ್ಲ ಕೇಳಿಸಿಕೊಂಡರು. ಹಾಗಾಗಿ ನೀವೇ ಸಮವಸ್ತ್ರ ಹಾಕಿಕೊಂಡು ಅದೇ ಪಾರ್ಕಿಗೆ ಹೋಗಿ, ಎಲ್ಲರೆದುರು ಬ್ಯಾಟುಗಳನ್ನು ಅವರ ಕೈಗೆ ಕೊಟ್ಟು, "ಹುಡುಗಿಯನ್ನು ಆಟಕ್ಕೆ ಕಳಿಸಿ" ಎಂದು ಹೇಳಿ. ನನ್ನ ಮಾತನ್ನು ಅವರು ಇನ್ನು ನಂಬುವುದಿಲ್ಲ. ನಿಮ್ಮ ಮಾತನ್ನು ನಂಬುತ್ತಾರೆ.

ಇಂತಿ,
ನಿಮ್ಮ ಕಡತದಲ್ಲಿ ಮಾರಕಾಯುಧ ಸಾಗಿಸಿದವಳು,
ಊರಿನವರಿಗೆ ಬರೀ ಟೀಚರ್,
ವಾಗ್ದೇವಿ