ಒಗೆಯುವ ಕಲ್ಲಿನ ಮೇಲಿಟ್ಟ ಗಾಜಿನ ಪೆಟ್ಟಿಗೆ

ಶಿರ್ವ
ಮೇ 8, 2025, ಗುರುವಾರ

ಪ್ರೀತಿಯ ರೇಚಲ್,

ನೀನೂ ದುರ್ಗೇಶನೂ ಕ್ಷೇಮವಾಗಿದ್ದೀರಿ ಎಂದು ನಂಬಿದ್ದೇನೆ. ಇಲ್ಲಿ ನಾನೂ ಪಪ್ಪನೂ ಹೇಗೋ ಇದ್ದೇವೆ. ಸೋಮವಾರ ನೀನು ವಾಟ್ಸಾಪಿನಲ್ಲಿ ಮಾತನಾಡಿ ಕಳುಹಿಸಿದ್ದನ್ನು ನಾಲ್ಕು ಸಲ ಕೇಳಿದೆ. ಉತ್ತರ ಕೊಡದೆ ಮೂರು ದಿನ ತಳ್ಳಿದ್ದಕ್ಕೆ ಬೇಸರಿಸಬೇಡ. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನಾನು ಸಲೀಸಾಗಿ ಸುಳ್ಳು ಹೇಳುತ್ತೇನೆ, ಅದು ನಿನಗೂ ಗೊತ್ತು. ಇಪ್ಪತ್ತೊಂಬತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈಗೆ ಸುಳ್ಳು ಬರೆಯುವುದು ಮಾತ್ರ ಕಷ್ಟ. ಮನೆಯಲ್ಲಿ ಕೊಂಕಣಿ, ಕಾಗದದಲ್ಲಿ ಕನ್ನಡ ಎಂದು ನೀನು ನನ್ನನ್ನು ಗೇಲಿ ಮಾಡುತ್ತಿದ್ದೆ. ಈಗಲೂ ಮಾಡು, ಪರವಾಗಿಲ್ಲ. ನಾಳೆ ಪಪ್ಪ ಮೊಣಕಾಲು ತೋರಿಸಲು ಮಣಿಪಾಲಕ್ಕೆ ಬರುತ್ತಾರೆ, ಅವರ ಕೈಯಲ್ಲೇ ಇದನ್ನು ಕೊಟ್ಟು ಕಳುಹಿಸುತ್ತೇನೆ.

ಪರ್ಕಳದಲ್ಲಿ ಮನೆ ಸಿಕ್ಕಿತು, ಹಲ್ಲಿ ಸಾಕುವುದಕ್ಕೆ ಮನೆ ಮಾಲೀಕರ ಅಡ್ಡಿಯಿಲ್ಲ, ಭಾನುವಾರ ಬಂದು ಕಡ್ಲೆ, ಬಟಾಣಿ ಇಬ್ಬರನ್ನೂ ಕರೆದುಕೊಂಡು ಹೋಗುತ್ತೇವೆ ಎಂದಿದ್ದೀಯ. ಮೊದಲು ಅದನ್ನೇ ಹೇಳಿಬಿಡುತ್ತೇನೆ. ಬಟಾಣಿ ಇದ್ದಾಳೆ. ಕಡ್ಲೆ ಕಳೆದ ಶನಿವಾರ ಸತ್ತ. ಕಾಯಿಲೆಯಿಂದಲ್ಲ, ನನ್ನಿಂದ.

ಜನವರಿಯಲ್ಲಿ ನಿಮ್ಮ ಹಳೆಯ ಮನೆಯವರು ತಕರಾರು ತೆಗೆದರೆಂದು ಹಲ್ಲಿಗಳ ಪೆಟ್ಟಿಗೆ ಇಲ್ಲಿಗೆ ತಂದಿರಲ್ಲ, ಅವತ್ತು ನೀನು ರಿಕ್ಷಾದಿಂದ ಇಳಿಯಲಿಲ್ಲ, ನಾನೂ ಇಳಿ ಎನ್ನಲಿಲ್ಲ. ನಿಮ್ಮ ರಿಜಿಸ್ಟರ್ ಮದುವೆಯಾಗಿ ನಾಲ್ಕು ತಿಂಗಳಾಗಿದ್ದರೂ ನನ್ನ ಸಿಟ್ಟು ಆರಿರಲಿಲ್ಲ. ದುರ್ಗೇಶ ಗೇಟಿನ ಹೊರಗೇ ನಿಂತು ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟ.

"ಅತ್ತಿ, ಇದು ಗಾಜಿಂದ ಐತ್ರಿ. ಬಿಸಲಾಗ ಮಾತ್ರ ಇಡಬ್ಯಾಡ್ರಿ, ಒಳಗ ಬೆಂದು ಹೋಗ್ತಾವ" ಎಂದ.

ಎಸಿ ರಿಪೇರಿ ಮಾಡುವವನು, ಬಿಸಿಯ ವಿಷಯ ಅವನಿಗೆ ಗೊತ್ತು. ಆದರೆ ನನ್ನ ಕಿವಿಗೆ ಹೊಕ್ಕದ್ದು 'ಅತ್ತಿ' ಎಂಬ ಒಂದೇ ಮಾತು. ಇವನಿಗೆ ನಾನು ಅತ್ತೆಯಾದದ್ದು ಯಾವಾಗ ಎಂದು ಒಳಗೆ ಬಂದು ಪಪ್ಪನ ಮೇಲೆ ಹಾರಾಡಿದೆ. ಪೇಪರಿನಿಂದ ತಲೆಯೆತ್ತದೆ, ಅವರಿಬ್ಬರೂ ರಿಜಿಸ್ಟರಿಗೆ ಸಹಿ ಹಾಕಿದ ದಿವಸ ಎಂದರು ಪಪ್ಪ.

ಸಾಕುವುದರಲ್ಲಿ ನಾನು ಕೊರತೆ ಮಾಡಲಿಲ್ಲ, ಮಗಾ. ಪೆಟ್ಟಿಗೆಯ ಜೊತೆ ಬಂದ ನಿನ್ನ ಚೀಟಿಯಲ್ಲಿದ್ದ ಹಾಗೆ ಬೂಸದ ಡಬ್ಬಿಯಲ್ಲಿ ಹುಳು ಬೆಳೆಸಿದೆ, ಅವುಗಳಿಗೆ ಕ್ಯಾರೆಟ್ ಹೆಚ್ಚಿ ಹಾಕಿದೆ, ಕೊಡುವ ಮೊದಲು ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿದೆ. ಮೀನಿಗೆ ರವೆ ಹಚ್ಚುವಾಗಲೂ ನಾನು ಅಷ್ಟು ಜಾಗ್ರತೆ ಮಾಡಿದವಳಲ್ಲ. ದಿನಾ ಅದೇ ಹುಳು ತಿಂದು ಬೇಸರ ಬಂದೀತೆಂದು ಶಾಲೆಯ ಮೈದಾನದಲ್ಲಿ ಮಿಡತೆ ಹಿಡಿಯಲು ಹೋದರೆ ಪುಷ್ಪಾವತಿ ಟೀಚರ್ ನೋಡಿಬಿಟ್ಟರು. ವಿಜ್ಞಾನ ಪಾಠಕ್ಕೆ ಎಂದೆ. ನೀವು ಕನ್ನಡ ಟೀಚರ್ ಅಲ್ವಾ ಎಂದು ಅವರು ಕೇಳಿದರು. ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಶುಕ್ರವಾರಗಳಲ್ಲಿ ನಮಗೆ ಮೀನು ಆಗುತ್ತದೆ, ಮಾಂಸವಿಲ್ಲವಷ್ಟೆ, ಅವುಗಳಿಗೂ ಹುಳು ಕೊಡಲಿಲ್ಲ. ಹುಳು ಮಾಂಸದ ಲೆಕ್ಕವೋ ಮೀನಿನ ಲೆಕ್ಕವೋ ಎಂದು ಪಪ್ಪ ಈಸ್ಟರ್ ತನಕ ಕೇಳುತ್ತಲೇ ಇದ್ದರು. ವಾರಕ್ಕೊಂದು ಉಪವಾಸದಿಂದ ಅವುಗಳಿಗೇನೂ ಆಗಲಿಲ್ಲ, ಬಾಲ ಗುಂಡಗೆ ದಪ್ಪವಾಗಿಯೇ ಇತ್ತು.

ಶಾಲೆಯಿಂದ ಬಂದು, ಅಡುಗೆ ಮುಗಿಸಿ, ನಿನ್ನ ಕೋಣೆಯಲ್ಲಿ ಪೆಟ್ಟಿಗೆಯ ಪಕ್ಕ ಕುಳಿತು ಪೇಪರ್ ತಿದ್ದುತ್ತಿದ್ದೆ. ಏಳು ಗಂಟೆಯಾಯಿತೆಂದರೆ ಕಡ್ಲೆ ತೆಂಗಿನ ಗೆರಟೆಯ ಕೆಳಗಿನಿಂದ ಹೊರಗೆ ಬಂದು ನನ್ನನ್ನು ನೋಡಿ ರೆಪ್ಪೆ ಬಡಿಯುತ್ತಿದ್ದ. ಗೋಡೆಯ ಹಲ್ಲಿಗೆ ರೆಪ್ಪೆಯಿಲ್ಲ, ಇವಕ್ಕೆ ಉಂಟು ಎನ್ನುವುದೇ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವುಗಳಿಗೆ ಉಣ್ಣಿಸುತ್ತ ಉಣ್ಣಿಸುತ್ತ ನಿನ್ನ ಮೇಲಿನ ಕೋಪ ಯಾವಾಗಲೋ ಇಳಿದುಹೋಗಿತ್ತು. ಅದನ್ನು ನಿನಗೆ ತಿಳಿಸಲಿಲ್ಲ. ಕೋಪ ಹೊತ್ತುಕೊಂಡೇ ದಣಿದಿದ್ದೆ, ರಾಜಿಗೆ ಮೊದಲ ಮಾತು ಆಡುವಷ್ಟು ಶಕ್ತಿ ಉಳಿದಿರಲಿಲ್ಲ.

ಈಸ್ಟರ್ ಕಳೆದ ಮೇಲೆ ಮನೆ ಆಶೀರ್ವಾದಕ್ಕೆ ಫಾದರ್ ಬರುವುದು ನಿನಗೆ ಗೊತ್ತುಂಟಲ್ಲ. ಈ ಸಲ ಬಂದದ್ದು ಹೊಸಬರು, ನಮ್ಮನ್ನು ಅರಿಯದವರು. ಜೊತೆಗೆ ನಮ್ಮ ವಾರ್ಡಿನ ಮುಖಂಡ, ಗುರ್ಕಾರ ಲಿಯೋನೆಲ್ ಅಂಕಲ್. ಕೋಣೆ ಕೋಣೆಗೂ ಬಂದು ತೀರ್ಥ ಚಿಮುಕಿಸುತ್ತಾರೆ. ನಿನ್ನ ಕೋಣೆಯಲ್ಲಿ ಪೆಟ್ಟಿಗೆ ಕಂಡರೆ ಇದು ಯಾರದು ಎನ್ನುತ್ತಾರೆ. ಮಗಳದು ಎಂದರೆ ಮಗಳೆಲ್ಲಿ ಎನ್ನುತ್ತಾರೆ. ಅದಕ್ಕೇ ಶನಿವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಪೆಟ್ಟಿಗೆಯನ್ನು ಎತ್ತಿ ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಇಟ್ಟೆ. ಆಗ ಅಲ್ಲಿ ಹಲಸಿನ ಮರದ ನೆರಳಿತ್ತು. ಹತ್ತಕ್ಕೆ ಬರಬೇಕಾದವರು ಮನೆಮನೆಯಲ್ಲೂ ಶರಬತ್ತು ಕುಡಿದು ನಮ್ಮಲ್ಲಿಗೆ ತಲುಪುವಾಗ ಹನ್ನೆರಡಾಗಿತ್ತು. ಅವರನ್ನು ಕಳುಹಿಸಿ ಹಿತ್ತಲಿಗೆ ಓಡಿದರೆ ಕಲ್ಲಿನ ಮೇಲೆ ನೆತ್ತಿ ಸುಡುವ ಬಿಸಿಲು. ಪೆಟ್ಟಿಗೆ ಮುಟ್ಟಲಾಗಲಿಲ್ಲ, ಸೀರೆಯ ಸೆರಗಿನಲ್ಲಿ ಹಿಡಿದು ಒಳಗೆ ತಂದೆ. ಬಟಾಣಿ ಗೆರಟೆಯ ಕೆಳಗಿನ ಒದ್ದೆ ನಾರಿನಲ್ಲಿ ಹುದುಗಿ ಉಳಿದುಕೊಂಡಿದ್ದಳು. ಕಡ್ಲೆ ಗಾಜಿಗೆ ಒರಗಿ ಬಾಯಿ ತೆರೆದುಕೊಂಡು ಬಿದ್ದಿದ್ದ.

ನೀರು ಚಿಮುಕಿಸಿದೆ, ಫ್ಯಾನಿನ ಕೆಳಗೆ ಅಂಗೈಯಲ್ಲಿ ಇಟ್ಟುಕೊಂಡು ಕುಳಿತೆ. ದುರ್ಗೇಶನ ಮಾತು ಆಗ ನೆನಪಾಯಿತು. ಪಪ್ಪ ಬಂದು ನನ್ನ ಕೈಯಿಂದ ಅವನನ್ನು ತೆಗೆದುಕೊಂಡು ಹೋಗಿ ಪೇರಳೆ ಗಿಡದ ಬುಡದಲ್ಲಿ ಹೂತರು. ಅಂದಿನಿಂದ ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಬಡಿಸಿದರೆ ಉಣ್ಣುತ್ತಾರೆ, ಅಷ್ಟೆ.

ಇದನ್ನು ಓದಿದ ಮೇಲೆ ಭಾನುವಾರ ನೀನು ಬರುತ್ತೀಯೋ ಇಲ್ಲವೋ ಎನ್ನುವುದೊಂದೇ ನನ್ನ ಚಿಂತೆ. ಬಟಾಣಿಯನ್ನು ನನ್ನ ಹತ್ತಿರ ಬಿಡು ಎಂದು ಕೇಳುವ ಮುಖ ನನಗಿಲ್ಲ, ಕರೆದುಕೊಂಡು ಹೋಗು. ಆದರೆ ಪಪ್ಪನ ಕೈಯಲ್ಲಿ ಪೆಟ್ಟಿಗೆ ಕಳುಹಿಸು ಎಂದು ಮಾತ್ರ ಹೇಳಬೇಡ. ಬಂದು ಬೈಯುವುದಿದ್ದರೆ ಬೈದುಬಿಡು. ಮಧ್ಯಾಹ್ನಕ್ಕೆ ಕೋಳಿ ಸುಕ್ಕ ಮಾಡುತ್ತೇನೆ. ದುರ್ಗೇಶನಿಗೆ ರೊಟ್ಟಿ ಬೇಕಾದೀತೇನೋ, ನನಗೆ ಜೋಳದ ರೊಟ್ಟಿ ತಟ್ಟಲು ಬಾರದು, ನಮ್ಮ ಅಕ್ಕಿಯ ಕೋರಿರೊಟ್ಟಿಯಲ್ಲೇ ಸುಧಾರಿಸಿಕೊಳ್ಳಲು ಹೇಳು. ಹೊಸ ಮನೆಯಲ್ಲಿ ದೇವರು ನಿಮ್ಮಿಬ್ಬರಿಗೂ ನೆಮ್ಮದಿಯ ನಿದ್ದೆ ಕೊಡಲಿ.

ನಿನ್ನ ಮಮ್ಮಿ,
ಕಾನ್ಸೆಪ್ಟಾ

ಮತ್ತೆ: ಇದು ಮರೆತುಹೋಗಿ ಕೊನೆಗೆ ಬರೆಯುತ್ತಿರುವುದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಪಪ್ಪ ಮಾತು ಬಿಟ್ಟದ್ದು ಹಲ್ಲಿ ಸತ್ತದ್ದಕ್ಕಲ್ಲ. ಅವತ್ತು ಫಾದರ್ ಚಾವಡಿಯಲ್ಲಿ ಕುಳಿತು ಕುಟುಂಬಗಳ ಹೊಸ ಪುಸ್ತಕ ತೆರೆದು, ಮಕ್ಕಳು ಎಷ್ಟು ಎಂದು ಕೇಳಿದರು. "ಮಕ್ಕಳಿಲ್ಲ ಫಾದರ್" ಎಂದೆ. ನಿನ್ನ ಜ್ಞಾನಸ್ನಾನದ ಊಟ ಬಡಿಸಿದ್ದ ಲಿಯೋನೆಲ್ ಅಂಕಲ್ ತಲೆ ತಗ್ಗಿಸಿದರು. ಪಪ್ಪ ಎದ್ದು ರಸ್ತೆಗೆ ಹೋದರು. ಇವತ್ತು ಬೆಳಿಗ್ಗೆ ನಾನೊಬ್ಬಳೇ ಚರ್ಚಿಗೆ ಹೋಗಿ, ಅವತ್ತು ಸುಳ್ಳು ಹೇಳಿದೆ ಎಂದು ಒಪ್ಪಿಕೊಂಡೆ. ಫಾದರ್ ಆ ಪುಸ್ತಕ ತೆರೆದು ನಿನ್ನ ಹೆಸರು ಬರೆದುಕೊಂಡರು. ಅಳಿಯನ ಹೆಸರು ಕೇಳಿದರು, ಹೇಳಿದೆ. ಅವನ ಊರು ಯಾವುದು, ತಂದೆತಾಯಿ ಯಾರು ಎಂದು ಕೇಳಿದರು. ಎಂಟು ತಿಂಗಳಲ್ಲಿ ಒಂದು ದಿನವೂ ನಾನು ಅದನ್ನು ಕೇಳಿರಲಿಲ್ಲ, ರೇಚಲ್. ಪುಸ್ತಕದಲ್ಲಿ ಅಷ್ಟು ಜಾಗ ಖಾಲಿ ಬಿಡಿಸಿ ಬಂದಿದ್ದೇನೆ.